ಕಿವಿಯ ಕೆಲಸ

ನವೆಂಬರಿನಲ್ಲಿ ಇಲ್ಲಿ ಮೂರು ಗಂಟೆಗೇ ಕತ್ತಲು.
ಕಚೇರಿಯ ಟ್ಯೂಬ್‌ಲೈಟು ಗುಂಯ್ ಎನ್ನುತ್ತಿತ್ತಂತೆ,
ಹನ್ನೊಂದು ವರ್ಷದಿಂದ ಅದರ ಕೆಳಗೇ ಕೂತವಳು ನಾನು,
ಓಸ್ಮೊ ಹೇಳಿದ ಮೇಲೇ ಕೇಳಿಸಿದ್ದು.
"ಎಡಗಡೆಯದು. ಇನ್ನೊಂದು ವಾರ ಬಂದರೆ ಹೆಚ್ಚು."

ಅವನ ಕಡತ ತೆಳ್ಳಗಿತ್ತು.
ವಯಸ್ಸು ಐವತ್ತೇಳು. ಕಾಗದದ ಗಿರಣಿ, ಮೂರನೇ ಯಂತ್ರ,
ಮೂವತ್ತೆಂಟು ವರ್ಷ.
ಕೌಶಲಗಳು ಎಂಬಲ್ಲಿ ಒಂದು ಅಡ್ಡಗೆರೆ;
ಗೆರೆ ಮಾತ್ರ ಸ್ಕೇಲಿಟ್ಟು ಎಳೆದಷ್ಟು ನೆಟ್ಟಗೆ.

ಓದಬೇಕಾದ್ದನ್ನೆಲ್ಲ ಓದಿದೆ:
ಹಕ್ಕು, ಬಾಧ್ಯತೆ, ತಿಂಗಳಿಗೆ ನಾಲ್ಕು ಅರ್ಜಿ,
ಹಾಕದಿದ್ದರೆ ಭತ್ಯೆಗೆ ಕತ್ತರಿ.
ಬಾಡಿಗೆ ನಾಲಿಗೆ, ಒಡೆಯ ಸರ್ಕಾರ.
ಅವನು ಮಂಡಿಯ ಮೇಲೆ ಟೋಪಿ ತಿರುಗಿಸುತ್ತಿದ್ದ
ಸ್ಟೇರಿಂಗಿನ ಹಾಗೆ,
ಎಲ್ಲಿಗೂ ಹೊರಡದ ಬಸ್ಸಿನದು.

ಮೊದಲು ರೆಸ್ಯೂಮೆ ತರಗತಿಗೆ ಕಳಿಸಿದೆ.
"ನಿಮ್ಮನ್ನು ನೀವು ಮಾರಿಕೊಳ್ಳಲು ಕಲಿಯಿರಿ"
ಎಂದಳಂತೆ ಇಪ್ಪತ್ತಾರರ ಹುಡುಗಿ.
"ನಾವು ಮಾರುತ್ತಿದ್ದದ್ದು ಕಾಗದ" ಎಂದನಂತೆ ಇವನು.
ಆಮೇಲೆ ನಲವತ್ತೊಂದು ಅರ್ಜಿ, ಒಂಬತ್ತು ಉತ್ತರ,
ಒಂಬತ್ತೂ ವಿಷಾದದಿಂದಲೇ ಶುರು.
ಒಂದನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ ಹೇಳಿದ:
"ಎಂಬತ್ತು ಗ್ರಾಮಿನದು. ಒಳ್ಳೆಯ ಹಾಳೆ.
ನಮ್ಮದಲ್ಲ."

ಅವತ್ತು ನಾನು ಕಂಪ್ಯೂಟರ್ ಪರದೆಯನ್ನು ಪಕ್ಕಕ್ಕೆ ತಿರುಗಿಸಿ ಕೇಳಿದೆ:
ರಾತ್ರಿ ಪಾಳಿಯಲ್ಲಿ ಹಾಳೆ ಹರಿದರೆ ಏನು ಮಾಡುತ್ತಿದ್ದಿರಿ?
"ಹರಿಯಲು ಬಿಡುತ್ತಿರಲಿಲ್ಲ."
ಅಂದರೆ?
"ಹರಿಯುವ ಮುಂಚೆ ರೋಲರಿನ ಸದ್ದು ಒಣಗುತ್ತದೆ.
ಯಾರಿಗಾದರೂ ಕೇಳಿಸುತ್ತದೆ."
ಯಾರಿಗೂ ಕೇಳಿಸುವುದಿಲ್ಲ, ಓಸ್ಮೊ.
ಅಡ್ಡಗೆರೆಯ ಮೇಲೆಯೇ ಬರೆದೆ: ಕೇಳಿಸಿಕೊಳ್ಳಬಲ್ಲರು.
ಕಂಪ್ಯೂಟರಿನ ಪಟ್ಟಿಯಲ್ಲಿ ಅಂಥ ಕೌಶಲವೇ ಇರಲಿಲ್ಲ.
'ಇತರೆ' ಒತ್ತಿದೆ.

ನಗರದ ನೀರು ಸರಬರಾಜಿನ ಹಿಲ್ಕಾಗೆ ಫೋನು ಮಾಡಿದೆ.
"ಐವತ್ತೇಳೇ? ಮಂಡಿ ಹೇಗಿದೆ?"
ಕಿವಿ ಚೆನ್ನಾಗಿದೆ ಎಂದೆ.
ಎರಡು ವಾರ ಪರೀಕ್ಷೆಗೆ ಇಟ್ಟುಕೊಳ್ಳಿ,
ಆಮೇಲೆ ಹತ್ತು ತಿಂಗಳು ಅರ್ಧ ಸಂಬಳ ನಮ್ಮ ಯೋಜನೆಯದು,
ಬೂಟು, ದಪ್ಪ ಕೋಟು, ಬಸ್ಸಿನ ಪಾಸೂ ನಮ್ಮದೇ.
ಆ ಕಡೆ ಕ್ಯಾಲ್ಕುಲೇಟರಿನ ಟಕಟಕ ಕೇಳಿಸಿತು.
ಕರುಣೆಗಿಂತ ನನಗೆ ಆ ಸದ್ದಿನ ಮೇಲೇ ನಂಬಿಕೆ.

ಜನವರಿಯಲ್ಲಿ, ಸೊನ್ನೆಯ ಕೆಳಗೆ ಹತ್ತೊಂಬತ್ತು,
ಶಾಲೆಯ ಹಿಂದಿನ ಬೀದಿಯಲ್ಲಿ ಎಲ್ಲೋ ಕೊಳವೆ ಒಡೆದಿತ್ತು.
ಮೂರು ಕಡೆ ಅಗೆದಿದ್ದರಂತೆ, ಮೂರೂ ಒಣ ಗುಂಡಿ.
ಕಬ್ಬಿಣದ ಸರಳಿನ ಒಂದು ತುದಿ ಹಿಮದಲ್ಲೂರಿ,
ಇನ್ನೊಂದನ್ನು ಕಿವಿಗಿಟ್ಟು ಇವನು ನಿಂತ.
ಜೀಪು ಆರಿಸಿ ಎಂದ. ಆರಿಸಿದರು.
ಉಸಿರು ಹಿಡಿಯಿರಿ ಎಂದ.
ದೊಡ್ಡ ದೊಡ್ಡ ಗಂಡಸರು ಉಸಿರು ಹಿಡಿದರು.
"ಇಲ್ಲಿ. ಅಲ್ಲ, ಇನ್ನು ಒಂದೂವರೆ ಮೀಟರು ಆಚೆ."

ಇದನ್ನು ನಾನು ನೋಡಿಲ್ಲ,
ಗುದ್ದಲಿ ಹಿಡಿದಿದ್ದ ಹುಡುಗ ಹೇಳಿದ್ದು;
ಅವನೂ ನನ್ನ ಮೇಜು ದಾಟಿ ಹೋದವನೇ.

ಆ ವರ್ಷ ನನ್ನ ಮೇಜಿಗೆ ಬಂದವರು ಇನ್ನೂರ ಹನ್ನೊಂದು.
ಕೆಲಸ ಸಿಕ್ಕಿದ್ದು ಎಪ್ಪತ್ತಮೂರು ಜನಕ್ಕೆ.
ಮಿಕ್ಕವರ ಹೆಸರು ಹೇಳಲು ನನಗೆ ಅನುಮತಿಯಿಲ್ಲ,
ಮುಖಗಳಿವೆ.
ಒಬ್ಬಾಕೆ ಪ್ರತಿ ಸಲವೂ ಮಗುವಿನ ಕೈಗವಸು ಮರೆತು ಹೋಗುತ್ತಾಳೆ,
ಮತ್ತೆ ಬರಲು ನೆಪ ಬೇಕಲ್ಲ.

ಟ್ಯೂಬ್‌ಲೈಟು ಆರನೇ ದಿನವೇ ಕಣ್ಣು ಮುಚ್ಚಿತ್ತು.

ಓಸ್ಮೊನ ಅನುದಾನ ಡಿಸೆಂಬರಿಗೆ ಮುಗಿಯುತ್ತದೆ.
ಖಾಯಂ ಮಾಡುವರೋ ಇಲ್ಲವೋ, ಹಿಲ್ಕಾ ಬಾಯಿ ಬಿಟ್ಟಿಲ್ಲ.
ಶುಕ್ರವಾರ ಶುಕ್ರವಾರ ಫೋನು ಮಾಡುತ್ತೇನೆ.
ಕೆಲವೊಮ್ಮೆ ಎತ್ತುತ್ತಾಳೆ.
ಎತ್ತದಿದ್ದಾಗ ಆ ಕಡೆ ಬರೀ ಗಂಟೆ, ಗಂಟೆ,
ನಡುವೆ ಒಂದಿಷ್ಟು ಮೌನ.
ಇಡುವುದಿಲ್ಲ ನಾನು, ಕಿವಿಗೊಡುತ್ತೇನೆ,
ಒಳಗೆಲ್ಲೋ ನೀರು ಹರಿಯುತ್ತಿದೆಯೇ ಎಂದು.